ಕುಡಿತ ಬಿಟ್ಟವರಿಗೆ ಮರ್ಯಾದೆ, ಮಡಿದವರಿಗೆ ದೀಪ



ಕುಡಿತದಿಂದ ಸತ್ತವರ ಸುದ್ದಿ ನಮ್ಮ ಊರುಗಳಲ್ಲಿ ಬೇರೆ ಹೆಸರಿನಿಂದ ಬರುತ್ತದೆ. "ಕಾಮಾಲೆಯಾಗಿತ್ತು", "ಎದೆನೋವು ಬಂತು" ಎಂದು ಮನೆಯವರು ಹೇಳುತ್ತಾರೆ. ಕುಡಿತ ಬಿಟ್ಟವನ ಸುದ್ದಿಯಂತೂ ಬರುವುದೇ ಇಲ್ಲ. ಅವನು ಮದುವೆಮನೆಯಲ್ಲಿ ಸುಮ್ಮನೆ ಕೂತರೆ "ಎಷ್ಟು ದಿನ ಇರ್ತೀಯೋ ನೋಡೋಣ" ಎಂದು ನಗುವವರೇ ಹೆಚ್ಚು. ನಾಚಿಕೆಗೆ ಹೆದರಿ ಇಬ್ಬರನ್ನೂ ಬಚ್ಚಿಡುವುದರಿಂದ, ಈಗ ಕುಡಿಯುತ್ತಿರುವವನಿಗೆ ಅಪಾಯವೂ ಕಾಣದು, ದಾರಿಯೂ ಕಾಣದು. ಆದ್ದರಿಂದ ಇಬ್ಬರಿಗೂ ಸೇರಿ ಊರಿನಲ್ಲಿ ಒಂದು ಸಭೆ ನಡೆಸುವುದು ಹೇಗೆಂದು ಇಲ್ಲಿ ತಿಳಿಸಿದೆ.

ನಮ್ಮ ಸೀಮೆಗೆ ಇದು ದೂರದ ಮಾತಲ್ಲ. 1981ರ ಜುಲೈಯಲ್ಲಿ ಬೆಂಗಳೂರಿನಲ್ಲಿ ವಿಷಮದ್ಯ ಕುಡಿದು ಸುಮಾರು 300 ಮಂದಿ ಸತ್ತರು. 2007ರ ಜುಲೈಯಲ್ಲಿ ರಾಜ್ಯದಲ್ಲಿ ಸಾರಾಯಿ ನಿಷೇಧವಾಯಿತು. ಆದರೂ 2008ರ ಮೇ ತಿಂಗಳಲ್ಲಿ ಬೆಂಗಳೂರು, ಕೋಲಾರ, ಗಡಿಯಾಚೆಯ ಕೃಷ್ಣಗಿರಿ ಸೀಮೆಗಳಲ್ಲಿ ಕಳ್ಳಮದ್ಯಕ್ಕೆ 150ಕ್ಕೂ ಹೆಚ್ಚು ಜನ ಬಲಿಯಾದರು. ಇಂಥ ಮದ್ಯದಲ್ಲಿ ಕೊಲ್ಲುವುದು ಕಾರ್ಖಾನೆಗಳಲ್ಲಿ ಬಳಸುವ ಮೆಥನಾಲ್. ರುಚಿ ನೋಡಿ ಇದನ್ನು ಗುರುತಿಸಲಾಗದು. ಹೊಟ್ಟೆನೋವು, ವಾಂತಿ, ಏದುಸಿರು, ಕಣ್ಣು ಮಂಜಾಗುವುದು ಇವು ಅನೇಕ ವೇಳೆ ಅರ್ಧ ದಿನ, ಒಂದು ದಿನ ಕಳೆದ ಮೇಲೆ ತೋರುತ್ತವೆ. ಕುಡಿದವನು ಮರುದಿನ "ಕಣ್ಣು ಕಾಣಿಸುತ್ತಿಲ್ಲ" ಎಂದರೆ ಮಜ್ಜಿಗೆ, ನಿಂಬೆಹುಳಿ ಎಂದು ಹೊತ್ತು ಕಳೆಯದೆ ದೊಡ್ಡ ಆಸ್ಪತ್ರೆಗೆ ಸಾಗಿಸಬೇಕು.

ಸಭೆಗೆ ಮಾದರಿಗಳು ನಮ್ಮ ನಾಡಿನಲ್ಲೇ ಇವೆ. ಇಳಕಲ್ಲಿನ ಡಾ. ಮಹಾಂತ ಶಿವಯೋಗಿಗಳು ಜೋಳಿಗೆ ಹಿಡಿದು ಊರೂರು ಅಲೆದರು. ಅವರು ಬೇಡಿದ್ದು ಕಾಳು ಕಾಸನ್ನಲ್ಲ, "ನಿಮ್ಮ ಚಟವನ್ನು ಇದರಲ್ಲಿ ಹಾಕಿ" ಎಂದು. ಅವರ ಜನ್ಮದಿನವಾದ ಆಗಸ್ಟ್ 1 ರಾಜ್ಯದಲ್ಲಿ ವ್ಯಸನಮುಕ್ತ ದಿನ. ಧರ್ಮಸ್ಥಳದ ಗ್ರಾಮಾಭಿವೃದ್ಧಿ ಯೋಜನೆಯವರು ಜನಜಾಗೃತಿ ವೇದಿಕೆಯೊಡನೆ ಹಳ್ಳಿಗಳಲ್ಲಿ ಮದ್ಯವರ್ಜನ ಶಿಬಿರ ನಡೆಸುತ್ತಾರೆ. ಬಿಟ್ಟವರು ಮುಂದೆ ನವಜೀವನ ಸಮಿತಿಯಾಗಿ ಕೂಡುತ್ತಾರೆ. ಗಾಂಧಿ ಜಯಂತಿಯ ಸುಮಾರಿಗೆ ಪಾನಮುಕ್ತರ ಸಮಾವೇಶಗಳಲ್ಲಿ ಅವರನ್ನು ಗೌರವಿಸುವುದುಂಟು. ಮಾದಕ ವಸ್ತು ಮಿತಿಮೀರಿ ಸತ್ತವರನ್ನು ನೆನೆಯಲು ಆಸ್ಟ್ರೇಲಿಯಾದ ಮೆಲ್ಬೋರ್ನಿನಲ್ಲಿ 2001ರಲ್ಲಿ ಆರಂಭವಾದ ಆಗಸ್ಟ್ 31ರ ದಿನವನ್ನು ಈಗ ಹಲವು ದೇಶಗಳಲ್ಲಿ ಆಚರಿಸುತ್ತಾರೆ.

ಸಭೆಯನ್ನು ಭಾನುವಾರ ಬೆಳಿಗ್ಗೆ ಇಟ್ಟುಕೊಳ್ಳಿ. ಮಾರತ್ತಹಳ್ಳಿ, ವೈಟ್‌ಫೀಲ್ಡ್ ಕಡೆ ಕಟ್ಟಡದ ಕೆಲಸಕ್ಕೆ ಹೋಗಿಬರುವವರಿಗೂ ಅಂದು ಬಿಡುವು. ಸಂಜೆಯಾದರೆ ಅಂಗಡಿಯ ಸೆಳೆತ ಹೆಚ್ಚು. ಮೊದಲು ಮಡಿದವರ ಹೆಸರಿನಲ್ಲಿ ದೀಪ ಹಚ್ಚಿ. ಹೆಸರು ಓದುವುದಕ್ಕೆ ಹೆಂಡತಿ, ತಾಯಿ ಒಪ್ಪಿದ್ದರೆ ಮಾತ್ರ ಓದಬೇಕು. ಒಪ್ಪದಿದ್ದರೆ ಹೆಸರಿಲ್ಲದ ಒಂದು ದೀಪ ಸಾಕು. ಆಮೇಲೆ ಬಿಟ್ಟವರು ತಮ್ಮ ಮಾತಿನಲ್ಲಿ ನಾಲ್ಕು ಮಾತಾಡಲಿ. ಶಾಲು ಹೊದಿಸಿದರೆ ಒಳ್ಳೆಯದೇ. ಆದರೆ ಮುಖಂಡರ ಭಾಷಣ ಉದ್ದವಾಗಿ ಅವರ ಸರದಿ ಊಟದ ಹೊತ್ತಿಗೆ ಬರುವ ಹಾಗಾಗಬಾರದು. ನಮ್ಮ ಸಭೆಗಳ ರೋಗವೇ ಇದು.

ಒಂದು ಮಾತು ಮುಖ್ಯ. ವೇದಿಕೆಯ ಮೇಲೆ ಯಾರಿಂದಲೂ "ಇವತ್ತಿನಿಂದಲೇ ಬಿಟ್ಟೆ" ಎಂದು ಬಲವಂತದ ಆಣೆ ಹಾಕಿಸಬೇಡಿ. ವರ್ಷಗಟ್ಟಲೆ ದಿನವೂ ಹೆಚ್ಚಾಗಿ ಕುಡಿದ ದೇಹಕ್ಕೆ ಮದ್ಯ ಒಮ್ಮೆಲೇ ತಪ್ಪಿದರೆ, ಮೊದಲ ದಿನವೇ ಕೈನಡುಕ, ಬೆವರು ಶುರುವಾಗಬಹುದು. ಕೆಲವರಿಗೆ ಎರಡು ದಿನದೊಳಗೆ ಫಿಟ್ಸ್ ಬರುತ್ತದೆ. ಎರಡು ಮೂರು ದಿನಕ್ಕೆ ಇಲ್ಲದ್ದು ಕಾಣುವ ಸನ್ನಿಯೂ ಉಂಟು. ಚಿಕಿತ್ಸೆಯಿಲ್ಲದಿದ್ದರೆ ಜೀವಕ್ಕೇ ಅಪಾಯ. ಇದನ್ನು ದೆವ್ವದ ಕಾಟವೆಂದು ಕಟ್ಟಿಹಾಕಬಾರದು. ಬಿಡುವ ಮನಸ್ಸಿದ್ದವನು ಮೊದಲು ವೈದ್ಯರನ್ನು ಕಾಣಲಿ. ಬೆಂಗಳೂರಿನ ನಿಮ್ಹಾನ್ಸ್‌ನಲ್ಲಿ ಇದಕ್ಕೆಂದೇ ವಿಭಾಗವಿದೆ. ಸರ್ಕಾರದ ವ್ಯಸನಮುಕ್ತಿ ಸಹಾಯವಾಣಿ 14446ನ್ನು ಸಭೆಯ ಹಲಗೆಯ ಮೇಲೆ ದೊಡ್ಡದಾಗಿ ಬರೆಸಿ.

ಬಿಟ್ಟವನು ಮತ್ತೊಮ್ಮೆ ಎಡವಿದರೆ, ಹಾಕಿದ ಶಾಲನ್ನು ನೆನಪಿಸಿ ಹಂಗಿಸಬೇಡಿ. ಮುಂದಿನ ಸಭೆಗೂ ಅವನ ಮನೆ ಬಾಗಿಲಿಗೆ ಹೋಗಿ "ಬಾರಣ್ಣ" ಎಂದು ಕರೆಯಿರಿ.