ಮಾಳಿಗೆ ಹೋಯಿತು, ಥಂಡಿ ಬಂತು

ನಮ್ಮ ಕಡೆ ಚಳಿಗೆಂದು ಮನೆ ಕಾಯಿಸುವ ರೂಢಿ ಇಲ್ಲ. ನಾನು ಹುಟ್ಟಿದ್ದು ನರಗುಂದ, ಕೊಟ್ಟದ್ದು ರೋಣಕ್ಕೆ, ನಮ್ಮನೆಯವರ ಮಾಸ್ತರಿಕೆಯಿಂದಾಗಿ ನೆಲೆ ನಿಂತದ್ದು ಗಜೇಂದ್ರಗಡದಲ್ಲಿ. ಮೂರೂ ಊರಲ್ಲಿ ಒಲೆ ಇರುವುದು ಅಡಿಗೆಗೆ ಮತ್ತು ಬಚ್ಚಲ ನೀರಿಗೆ. ಡಿಸೆಂಬರ್–ಜನವರಿಯ ಬೆಳಗಿನ ಜಾವ ಸಾಮಾನ್ಯವಾಗಿ 12–15 ಡಿಗ್ರಿ ಇರುತ್ತದೆ, ಅದೇ ದಿನ ಮಧ್ಯಾಹ್ನ 28–30ಕ್ಕೆ ಏರುತ್ತದೆ. ಹತ್ತು ಗಂಟೆಗೆ ಬಿಸಿಲು ಬಿತ್ತೆಂದರೆ ರಾತ್ರಿಯ ಚಳಿಯನ್ನು ಎಲ್ಲರೂ ಮರೆಯುತ್ತಾರೆ, ರಾತ್ರಿಯ ಜಗಳ ಮಾತ್ರ ನೆನಪಿರುತ್ತದೆ. ಆ ಜಗಳ ನಡೆಯುವುದು ಫ್ಯಾನಿನ ರೆಗ್ಯುಲೇಟರಿನ ಮೇಲೆ, ಕಿಡಕಿಯ ಚಿಲಕದ ಮೇಲೆ, ಹಂಡೆಯ ಬಿಸಿನೀರಿನ ಮೇಲೆ, ಯಾರು ಸ್ವೆಟರ್ ಹಾಕಿಕೊಂಡರು ಯಾರು ಹಾಕಿಕೊಳ್ಳಲಿಲ್ಲ ಎನ್ನುವುದರ ಮೇಲೆ.

ನಮ್ಮ ಅತ್ತೆಯವರ ಬಾಯಲ್ಲಿ ಒಂದು ಮಾತಿದೆ. "ನಮ್ಮ ಕಾಲದಾಗ ಥಂಡಿ ಇರಲಿಲ್ಲೇನ? ನಾವೇನ ಸ್ವೆಟರ್ ಕಂಡಿದ್ವಾ?" ಹಳಬರ ಈ ಮಾತನ್ನು ಹೊಸಬರು ಜಂಬ ಎಂದೇ ತಿಳಿಯುತ್ತಾರೆ. ಎರಡೂ ಬಗೆಯ ಮನೆಯಲ್ಲಿ ಚಳಿಗಾಲ ಕಳೆದವಳಾಗಿ ಹೇಳುತ್ತೇನೆ, ಅವರ ಮಾತು ಪೂರಾ ಖರೆ. ಅವರಿಗೆ ಥಂಡಿ ಕಡಿಮೆಯೇ ಹತ್ತುತ್ತಿತ್ತು. ಗಟ್ಟಿತನ ಇದ್ದದ್ದು ಅವರ ಮೈಯಲ್ಲಿ ಅಂತ ಅವರು ತಿಳಿದಿದ್ದಾರೆ, ನನ್ನ ಲೆಕ್ಕದಲ್ಲಿ ಅದು ಇದ್ದದ್ದು ಅವರ ಮಾಳಿಗೆಯಲ್ಲಿ.

ರೋಣದ ಅತ್ತೆಮನೆಯ ಗೋಡೆ ಮೊಳಕ್ಕೂ ಮಿಕ್ಕಿದ ದಪ್ಪದ ಮಣ್ಣಿನದು. ಮೇಲೆ ತೊಲೆ, ತೊಲೆಯ ಮೇಲೆ ಜಂತಿ, ಜಂತಿಯ ಮೇಲೆ ಕಟ್ಟಿಗೆ-ಸೊಪ್ಪು, ಅದರ ಮೇಲೆ ಮಣ್ಣು, ಎಲ್ಲಕ್ಕೂ ಮೇಲೆ ಮಳೆ ನೀರು ಇಳಿಯದಂತೆ ವರ್ಷಾವರ್ಷ ಹಾಕುವ ಸವಳು ಮಣ್ಣು. ಹಗಲಿನ ಬಿಸಿಲು ಇಷ್ಟು ಮಣ್ಣನ್ನು ದಾಟಿ ಒಳಗೆ ಇಳಿಯುವುದಕ್ಕೆ ತಾಸುಗಟ್ಟಲೆ ಬೇಕು. ಮಧ್ಯಾಹ್ನದ ಕಾವು ಮನೆಯೊಳಗೆ ಬಂದು ಮುಟ್ಟುವಾಗ ರಾತ್ರಿಯಾಗಿರುತ್ತದೆ, ಅಂದರೆ ಬೇಕಾದ ಹೊತ್ತಿಗೇ ಬರುತ್ತದೆ. ತಲಬಾಗಿಲು ದಾಟಿದರೆ ತಗ್ಗಿನಲ್ಲಿ ದನ ಕಟ್ಟುವ ಅಂಕಣ, ಮೆಟ್ಟಿಲು ಹತ್ತಿದರೆ ಪಡಸಾಲೆ. ಸುಮ್ಮನೆ ಮಲಗಿದ ಮನುಷ್ಯನ ಮೈ ಸುಮಾರು 70–80 ವ್ಯಾಟಿನಷ್ಟು ಕಾವು ಬಿಡುತ್ತದಂತೆ, ಎತ್ತು-ಆಕಳಿನದು ಅದಕ್ಕಿಂತ ಎಷ್ಟೋ ಪಟ್ಟು ಹೆಚ್ಚು. ಪಡಸಾಲೆಯಲ್ಲಿ ಸಾಲಾಗಿ ಮಲಗಿದ ಮನೆಮಂದಿ, ಕೆಳಗೆ ಒಂದು ಜೋಡು ಎತ್ತು, ಒಂದೆರಡು ಆಕಳು. ಕರೆಂಟಿಲ್ಲದ ಹೀಟರ್ ಇಡೀ ರಾತ್ರಿ ನಡೆಯುತ್ತಿತ್ತು. ಸೆಗಣಿ-ಗಂಜಲದ ವಾಸನೆಯ ಮಾತು ಬೇರೆ, ಅದನ್ನು ನಾನು ಹೊಗಳಲಾರೆ.

ಗಜೇಂದ್ರಗಡದಲ್ಲಿ ಕಟ್ಟಿಸಿದ್ದು ಎಲ್ಲರಂತೆ ಆರ್‌ಸಿಸಿ ಮನೆ. ತೆಳು ಸ್ಲ್ಯಾಬು, ನೆಲಕ್ಕೆ ಟೈಲ್ಸು, ದೊಡ್ಡ ದೊಡ್ಡ ಕಿಡಕಿ, ಒಬ್ಬೊಬ್ಬರಿಗೆ ಒಂದೊಂದು ಕೋಣೆ. ಚಳಿಗಾಲದ ಆಕಾಶದಲ್ಲಿ ಮೋಡ ಇರುವುದಿಲ್ಲ. ಸ್ಲ್ಯಾಬು ಹಗಲೆಲ್ಲ ಹೀರಿದ ಕಾವನ್ನು ಸಂಜೆಯಿಂದಲೇ ಆಕಾಶಕ್ಕೆ ಬಿಟ್ಟುಕೊಟ್ಟು ನಸುಕಿನ ಹೊತ್ತಿಗೆ ತಣ್ಣಗಾಗಿ ನಮ್ಮ ತಲೆಯ ಮೇಲೆ ಕೂತಿರುತ್ತದೆ. ಮಣ್ಣೂ ಇಲ್ಲ, ದನವೂ ಇಲ್ಲ, ಮಗ್ಗುಲಲ್ಲಿ ಮಲಗುವ ಮಂದಿಯೂ ಇಲ್ಲ. ಮನೆ ಬದಲಾದದ್ದು ಯಾರ ಲೆಕ್ಕಕ್ಕೂ ಬರಲಿಲ್ಲ. "ನಿನ್ನ ಮೈಯಾಗ ರಕ್ತ ಇಲ್ಲ", "ನಿಮಗ ವಯಸ್ಸಾತು", "ಈಗಿನ ಹುಡುಗರು ನಾಜೂಕ" ಎಂದು ಒಬ್ಬರ ಮೈ ಇನ್ನೊಬ್ಬರಿಗೆ ತಪ್ಪಾಗಿ ಕಂಡಿತು.

ಮೊದಲ ಜಗಳ ಫ್ಯಾನಿನದು. ನಮ್ಮನೆಯವರಿಗೆ ಡಿಸೆಂಬರಿನಲ್ಲೂ ಫ್ಯಾನು ಬೇಕು. ಮೊದಲು ಸೊಳ್ಳೆಯ ಕಾರಣ ಹೇಳಿದರು. ಫ್ಯಾನು ಗಾಳಿಯನ್ನು ತಣ್ಣಗೆ ಮಾಡುವುದಿಲ್ಲ, ಮೈ ಸುತ್ತ ನಿಂತ ಬೆಚ್ಚನೆಯ ಪದರನ್ನು ಎಳೆದೊಯ್ಯುತ್ತದೆ. ಹಾಗಾಗಿ ಗೋಡೆಯ ಥರ್ಮಾಮೀಟರು ತೋರಿಸಿ ವಾದ ಮಾಡುವವರು ಇಲ್ಲಿ ಗೆದ್ದರೂ ನಡುಗುವವರ ನಡುಕ ನಿಲ್ಲುವುದಿಲ್ಲ. ಗಜೇಂದ್ರಗಡದ ಸುತ್ತಲಿನ ಗುಡ್ಡಗಳ ಮೇಲೆ ಗಾಳಿ ಯಂತ್ರಗಳಿವೆ, ಜನ ಅವನ್ನೂ ಫ್ಯಾನು ಅಂತಲೇ ಕರೆಯುತ್ತಾರೆ. "ಗುಡ್ಡದ ಮ್ಯಾಲಿನ ಫ್ಯಾನರ ಒಮ್ಮೊಮ್ಮೆ ನಿಂದರತಾವ" ಎಂದು ಅತ್ತೆ ಮಗನಿಗೆ ಅಂದದ್ದುಂಟು. ಸೊಳ್ಳೆ ಪರದೆ ಕಟ್ಟಿದ ಮೇಲೆ ಎರಡನೆಯ ಕಾರಣ ಹೊರಬಿತ್ತು. ಆ ಸಪ್ಪಳ ಇಲ್ಲದೆ ಅವರಿಗೆ ನಿದ್ದೆ ಬಾರದು. ಈಗ ಟೇಬಲ್ ಫ್ಯಾನನ್ನು ಗೋಡೆಗೆ ಮುಖ ಮಾಡಿ ಇಡುತ್ತೇವೆ. ಗಾಳಿ ಗೋಡೆಗೆ, ಸಪ್ಪಳ ಅವರಿಗೆ. ಮನೆಯ ಜಗಳದಲ್ಲಿ ಮೊದಲು ಹೇಳುವ ಕಾರಣ ಅಷ್ಟು ಮುಖ್ಯವಲ್ಲ, ಎರಡನೆಯದು ಬರುವ ತನಕ ಕಾಯಬೇಕು ಎಂಬುದು ನನಗೆ ತಿಳಿದದ್ದು ಈ ಫ್ಯಾನಿನಿಂದ.

ಹೀಟರ್ ಬಂದದ್ದು ಮಗನಿಂದ. ಪುಣೆಯಲ್ಲಿ ನೌಕರಿ. ಅಜ್ಜಿಗೆ ಥಂಡಿ ಅಂತ ಎರಡು ಸಾವಿರ ವ್ಯಾಟಿನ ರೂಮ್ ಹೀಟರ್ ತರಿಸಿ ಹಚ್ಚಿದ. ತಾನು ಚೊಣ್ಣ, ಅರ್ಧ ತೋಳಿನ ಅಂಗಿ ಹಾಕಿಕೊಂಡು ಅದರ ಮುಂದೆ ಕೂತ. ಅತ್ತೆ ಸೆರಗು ತಲೆ ಮೇಲೆ ಎಳೆದುಕೊಂಡು ಅಂದರು: "ತೊಡಿ ಬಿಟಗೊಂಡು ಮನಿ ಕಾಸಾಕತ್ತಾನ ನೋಡವಾ. ಪ್ಯಾಂಟ್ ತುಟ್ಟಿ ಆಗ್ಯಾವೇನ?" ಆ ಮಾತಿಗೆ ಯಾವ ಎಂಜಿನಿಯರನ ಹತ್ತಿರವೂ ಉತ್ತರ ಇರಲಿಕ್ಕಿಲ್ಲ. ನಮ್ಮನೆಯವರು ಮಾತ್ರ ಮೀಟರಿನ ಮುಂದೆ ನಿಂತಿದ್ದರು. ತಾಸಿಗೆ ಎರಡು ಯುನಿಟ್, ರಾತ್ರಿಗೆ ಮೂರು ತಾಸು ಹಚ್ಚಿದರೆ ಆರು, ತಿಂಗಳಿಗೆ 180. 2023ರಲ್ಲಿ ಸರಕಾರದ ಗೃಹಜ್ಯೋತಿ ಯೋಜನೆ ಬಂದಾಗಿನಿಂದ ನಮ್ಮ ಮನೆಯ ಬಿಲ್ಲು ಸೊನ್ನೆ. ಆದರೆ ಸೊನ್ನೆ ಸಿಗುವುದು ಹಳೆಯ ಸರಾಸರಿ ಬಳಕೆ, ಅದರ ಮೇಲೆ ತುಸು ಹೆಚ್ಚು, ಅಷ್ಟರೊಳಗೆ ಇದ್ದವರಿಗೆ. ಒಟ್ಟು 200 ಯುನಿಟ್ ದಾಟಿತೆಂದರೆ ಪೂರ್ತಿ ಬಿಲ್ಲು ಕಟ್ಟಬೇಕು. "ಬಿಲ್ ನಾ ಕಟ್ಟತೇನ್ರಿ ಅಪ್ಪಾ" ಎಂದು ಮಗ ಅಂದದ್ದು ಅಪ್ಪನಿಗೆ ಇನ್ನಷ್ಟು ಕೆಟ್ಟದೆನಿಸಿತು. ಇಷ್ಟೆಲ್ಲ ಮಾಡಿ ಅಜ್ಜಿಗೆ ಸಿಕ್ಕದ್ದೇನು? ಬಿಸಿಗಾಳಿ ಸ್ಲ್ಯಾಬಿಗೆ ಹೋಗಿ ಹತ್ತಿಕೊಳ್ಳುತ್ತದೆ, ಮುದುಕಿ ಇರುವುದು ನೆಲದ ಮೇಲೆ. ಹೀಟರ್ ಈಗ ಅಟ್ಟದ ಮೇಲಿದೆ.

ಉಡುಪಿನ ವಿಷಯದಲ್ಲಿ ನಮ್ಮ ಹೆಣ್ಣುಮಕ್ಕಳ ತೊಡಕು ಬೇರೆ. ಚಳಿಗಾಲಕ್ಕೆ ಮುಂಡಗೋಡದ ಕಡೆಯ ಟಿಬೆಟಿಯನ್ನರು ಹುಬ್ಬಳ್ಳಿ-ಗದಗದ ಪೇಟೆಗಳಲ್ಲಿ ಸ್ವೆಟರ್ ಹರವಿಕೊಂಡು ಕೂಡುತ್ತಾರೆ. ಅತ್ತೆಗೆಂದು ತಂದ ಗುಂಡಿ ಸ್ವೆಟರು ಟ್ರಂಕು ಬಿಟ್ಟು ಹೊರಬರಲಿಲ್ಲ. ಸೀರೆಯ ಮೇಲೆ ಸ್ವೆಟರ್ ಅಂದರೆ ಅವರಿಗೆ ದವಾಖಾನೆಗೆ ಹೊರಟಂತೆ. ಅವರ ಹಟದಲ್ಲಿ ಹುರುಳಿಲ್ಲದೆ ಇಲ್ಲ. ಮಾಧವಿ ಇಂದ್ರಗಂಟಿ ಎಂಬ ಸಂಶೋಧಕಿ ಸೀರೆ ಎಷ್ಟು ಬೆಚ್ಚಗಿಡುತ್ತದೆ ಎಂಬುದನ್ನು ಅಳೆದು ನೋಡಿದ್ದಾರೆ. ಉಡುವ, ಸೆರಗು ಹೊದೆಯುವ ರೀತಿಯ ಮೇಲೆ ಒಂದೇ ಸೀರೆಯ ಬೆಚ್ಚಗಿಡುವ ಗುಣ ಬದಲಾಗುತ್ತದೆ. ತಲೆ, ಕಿವಿ, ಹೆಗಲು ಮುಚ್ಚಿ ಸೆರಗು ಹೊದ್ದ ಅತ್ತೆಗೂ, ಸೆರಗನ್ನು ಪಿನ್ನು ಚುಚ್ಚಿ ಹಿಂದಕ್ಕೆ ಬಿಟ್ಟ ನನಗೂ ಒಂದೇ ಪಡಸಾಲೆಯಲ್ಲಿ ಬೇರೆ ಬೇರೆ ಹವಾಮಾನ.

ಕಾಲಿನದು ಇನ್ನೂ ಕಷ್ಟ. ಸಾರಿಸಿದ ಮಣ್ಣಿನ ನೆಲ, ಟೈಲ್ಸಿನ ನೆಲ ಎರಡೂ ಅಷ್ಟೇ ಡಿಗ್ರಿ ಇದ್ದರೂ ಟೈಲ್ಸು ಅಂಗಾಲಿನ ಕಾವನ್ನು ಬೇಗ ಎಳೆದುಕೊಳ್ಳುತ್ತದೆ. ಅದಕ್ಕೇ ಅಷ್ಟು ಥಂಡಿ. ಮನೆಯೊಳಗೆ ಚಪ್ಪಲಿ? ದೇವರಕೋಣೆ ಇರುವ ಮನೆಯಲ್ಲಿ ಆ ಮಾತು ಎತ್ತುವಂತಿಲ್ಲ. ಕಾಲುಚೀಲ ಹಾಕಿಕೊಂಡರೆ ಕಾಲುಂಗುರಕ್ಕೆ ನೂಲು ಸಿಕ್ಕಿ ಎಳೆಯುತ್ತದೆ, ಟೈಲ್ಸಿನ ಮೇಲೆ ಜಾರುತ್ತದೆ. ಕಡೆಗೆ ನಮ್ಮ ತವರಿನ ನೆರೆಯೂರು ನವಲಗುಂದದ ಜಮಖಾನೆ ಕೆಲಸಕ್ಕೆ ಬಂತು. ಮದುವೆ-ಮುಂಜಿವೆಗೆ ಮಾತ್ರ ಹಾಸುತ್ತಿದ್ದದ್ದನ್ನು ದಿನಾ ಕೂಡುವ ಜಾಗಕ್ಕೆ ಹಾಸಿದೆ. "ಹಾಳಾಗತೈತಿ" ಎಂಬ ತಕರಾರು ಇನ್ನೂ ಇದೆ, ಆದರೆ ತಕರಾರು ಹೇಳುವವರೂ ಅದರ ಮೇಲೆಯೇ ಕೂತು ಹೇಳುತ್ತಾರೆ.

ಹಾಸಿಗೆಯ ಲೆಕ್ಕವೂ ಇದೇ. ಚಳಿ ಅಂದರೆ ಹೊದಿಕೆ ಹೆಚ್ಚಿಸುತ್ತೇವೆ, ಕೆಳಗಿನಿಂದ ಹೋಗುವ ಕಾವು ನೆನಪಾಗುವುದಿಲ್ಲ. ಕರಿ ಕಂಬಳಿ ಮೈಗೆ ಚುಚ್ಚುತ್ತದೆ ಎಂದು ಮಕ್ಕಳು ದೂರ ಇಟ್ಟಿದ್ದರು, ಅದನ್ನು ಹಾಸಿಗೆಯ ಅಡಿಗೆ ಹಾಕಿದ ಮೇಲೆ ಒಂದು ಹೊದಿಕೆ ಕಡಿಮೆಯೇ ಸಾಕಾಯಿತು. ಮೇಲೆ ಕೌದಿ. ಹಳೆಯ ನೂಲಿನ ಸೀರೆಗಳ ಪದರ, ಪದರಗಳ ನಡುವೆ ಗಾಳಿ, ಅದನ್ನು ಹಿಡಿದು ನಿಲ್ಲಿಸಲು ಒತ್ತೊತ್ತಾಗಿ ಹಾಕಿದ ಹೊಲಿಗೆ. ಪಾಲಿಸ್ಟರ್ ಸೀರೆ ಬಂದ ಮೇಲಿನ ಕೌದಿಗಳು ಹಗುರ, ನುಣುಪು, ಅರ್ಧರಾತ್ರಿಗೆ ಜಾರಿ ಮಂಚದ ಕೆಳಗೆ. ಗಂಡ ಹೆಂಡತಿ ಇಬ್ಬರಿಗೆ ಒಂದೇ ದೊಡ್ಡ ರಗ್ಗು ಎಂಬುದು ಅಂಗಡಿಯವರು ಹುಟ್ಟಿಸಿದ ಜಗಳ ಅಂತ ನನ್ನ ಖಚಿತ ಅಭಿಪ್ರಾಯ. ಇಬ್ಬರಿಗೂ ಬೇರೆ ಬೇರೆ ಕೌದಿ ಇರಲಿ.

ಇಷ್ಟು ತನಕದ್ದು ನಗುವ ಮಾತು. ಮಗಳ ಬಾಣಂತನ ಡಿಸೆಂಬರಿನಲ್ಲಿ ಬಂದಾಗ ನಗು ನಿಂತಿತು. ಚೊಚ್ಚಲ ಹೆರಿಗೆ, ತವರಿಗೆ ಬಂದಿದ್ದಳು. ಬಾಣಂತಿ ಕೋಣೆಗೆ ಗಾಳಿ ಆಡಬಾರದು, ಹೊರಸಿನ ಕೆಳಗೆ ಅಗ್ಗಿಷ್ಟಿಗೆಯಲ್ಲಿ ಕೆಂಡ ಇಡಬೇಕು, ಲೋಬಾನ ಹಾಕಬೇಕು. ಅತ್ತೆ ತಮ್ಮ ಎಲ್ಲ ಮಕ್ಕಳನ್ನು ಹಾಗೇ ಬೆಳೆಸಿದವರು. ಮಗಳು ಒಪ್ಪಲಿಲ್ಲ. "ಹೊಗಿ ಎಲ್ಲೈತಿ ತೋರಸು? ಬರೇ ಕೆಂಡ ಐತಿ" ಎಂದು ಅಜ್ಜಿ.

ಅಪಾಯ ಇರುವುದೂ ಅಲ್ಲೇ. ಇದ್ದಿಲು ಕೆಂಪಗೆ ಉರಿದು ಹೊಗೆ ಕಾಣದಂತಾದ ಮೇಲೂ ಕಾರ್ಬನ್ ಮೊನಾಕ್ಸೈಡ್ ಬಿಡುತ್ತಲೇ ಇರುತ್ತದೆ. ಅದಕ್ಕೆ ಬಣ್ಣವಿಲ್ಲ, ವಾಸನೆಯಿಲ್ಲ. ರಕ್ತದಲ್ಲಿ ಆಮ್ಲಜನಕದ ಜಾಗವನ್ನು ಅದು ಹಿಡಿಯುತ್ತದೆ, ಮಲಗಿದವರಿಗೆ ಎಚ್ಚರವೇ ಆಗುವುದಿಲ್ಲ. ಮುಚ್ಚಿದ ಕೋಣೆಯಲ್ಲಿ ಕೆಂಡ ಇಟ್ಟುಕೊಂಡು ಮಲಗಿ ಸತ್ತವರ ಸುದ್ದಿ ಚಳಿಗಾಲದ ಪತ್ರಿಕೆಗಳಲ್ಲಿ ಬರುತ್ತಲೇ ಇರುತ್ತದೆ. ಹಾಗಾದರೆ ಅತ್ತೆಯವರ ಮಕ್ಕಳು ಹೇಗೆ ಉಳಿದರು? ಅವರ ಕೋಣೆಗೆ ಮಾಳಿಗೆಯಲ್ಲಿ ಬೆಳಕಿಂಡಿ ಇತ್ತು. ಕಟ್ಟಿಗೆಯ ಬಾಗಿಲಿನ ಸಂದಿಯಲ್ಲಿ ಬೆರಳು ಹೋಗುತ್ತಿತ್ತು. ನಮ್ಮ ಕೋಣೆಯ ಕಿಡಕಿ ಸರಿಸಿ ಮುಚ್ಚಿದರೆ ಇರುವೆ ಹೋಗಲಾರದಷ್ಟು ಬಿಗಿ. ಅಗ್ಗಿಷ್ಟಿಗೆ ಅದೇ, ಕೋಣೆ ಬೇರೆ. ಹಿರಿಯರ ಪದ್ಧತಿಯನ್ನು ಮೂಢತನ ಅಂದಿದ್ದರೆ ಅತ್ತೆ ಕಿವಿಗೊಡುತ್ತಿರಲಿಲ್ಲ. "ಅತ್ತಿ, ನಿಮ್ಮ ಬೆಳಕಿಂಡಿ ಇಲ್ಲಿ ಇಲ್ಲರೀ" ಎಂದಾಗ ಮೇಲೆ ಸ್ಲ್ಯಾಬಿನ ಕಡೆ ಒಮ್ಮೆ ನೋಡಿ ಸುಮ್ಮನಾದರು. ಕೆಂಡ ಹಿತ್ತಲಿಗೆ ಹೋಯಿತು. ಅಲ್ಲಿ ಅರಿವೆ ಕಾಸಿ ಒಳಗೆ ತಂದು ಶಾಖ ಕೊಡುವ ಕೆಲಸ ಅವರೇ ಇಟ್ಟುಕೊಂಡರು.

ಆದರೂ ಕೂಸಿನ ವಾದ ಉಳಿದಿತ್ತು. ತಲೆಗೆ ಕುಲಾಯಿ, ಅದರ ಮೇಲೆ ಕುಂಚಿಗೆ, ಮೈಗೆ ಎರಡು ಅಂಗಿ, ಮೇಲೆ ಸಣ್ಣ ಕೌದಿ. ಅಜ್ಜಿ ಹೊದಿಸುವುದು, ಮಗಳು ತೆಗೆಯುವುದು. ಇದನ್ನು ಮುಗಿಸಿದವಳು ಓಣಿಯ ಆಶಾ ಕಾರ್ಯಕರ್ತೆ. ಆಸ್ಪತ್ರೆಯಲ್ಲಿ ಹೆತ್ತವರ ಮನೆಗೂ ಅವರು ಮೂರನೆಯ ದಿನದಿಂದ 42ನೆಯ ದಿನದವರೆಗೆ ಆರು ಸಲ ಬರಬೇಕೆಂಬ ನಿಯಮ ಇದೆ. ಅವಳು ಯಾರ ಪರವಾಗಿಯೂ ಮಾತಾಡಲಿಲ್ಲ. ಕೈಯ ಹಿಂಬದಿಯಿಂದ ಮೊದಲು ಕೂಸಿನ ಹೊಟ್ಟೆ, ಆಮೇಲೆ ಪಾದ ಮುಟ್ಟಿದಳು. ಎರಡೂ ಬೆಚ್ಚಗಿದ್ದರೆ ಕೂಸು ಆರಾಮ. ಹೊಟ್ಟೆ ಬೆಚ್ಚಗೆ, ಪಾದ ತಣ್ಣಗೆ ಇದ್ದರೆ ಥಂಡಿ ಹತ್ತಿದೆ. ಎರಡೂ ತಣ್ಣಗಿದ್ದರೆ ತಡ ಮಾಡದೆ ತಾಯಿಯ ಎದೆಗೆ ಹಾಕಿಕೊಂಡು ದವಾಖಾನೆಗೆ ಹೊರಡಬೇಕು. ಕುತ್ತಿಗೆ ಬೆವರಿದ್ದರೆ ಅರಿವೆ ಹೆಚ್ಚಾಗಿದೆ. "ಪಾದ ತಣ್ಣಗ ಅನಿಸಿದ್ರ ಮೊದಲ ಅಂಗಿ ಬಿಚ್ಚಿ ಅವರವ್ವನ ಎದಿ ಮ್ಯಾಲ ಹಾಕ್ರಿ, ಮ್ಯಾಲ ನಿಮ್ಮ ಕೌದಿ ಹೊಚ್ಚರಿ" ಅಂದಳು. ಕೌದಿಗೆ ಜಾಗ ಸಿಕ್ಕಿತು, ಅತ್ತೆಗೆ ಅಷ್ಟು ಸಾಕಿತ್ತು. ಅಂದಿನಿಂದ ನಮ್ಮ ಮನೆಯಲ್ಲಿ ಕೂಸಿನ ಪಾದವೇ ಪಂಚಾಯ್ತಿ ಕಟ್ಟೆ. ಅಜ್ಜಿ ದಿನಕ್ಕೆ ಹತ್ತಾರು ಸಲ ಮುಟ್ಟಿ ನೋಡಿ, ತೀರ್ಪು ತಮಗೆ ಅನುಕೂಲವಾಗಿ ಬಂದಾಗ ಇಡೀ ಮನೆಗೆ ಕೇಳುವಂತೆ ಹೇಳುತ್ತಿದ್ದರು.

ದೊಡ್ಡವರ ವಿಷಯದಲ್ಲಿ ಇಂಥ ಪಾದ ಇಲ್ಲ. ಡೆನ್ಮಾರ್ಕಿನ ಫ್ಯಾಂಗರ್ ಎಂಬ ಪ್ರೊಫೆಸರರು 1970ರಲ್ಲಿ ಪ್ರಕಟಿಸಿದ ಪುಸ್ತಕದಲ್ಲಿ, ಕೋಣೆಯ ಹವೆಯನ್ನು ಎಷ್ಟೇ ಹದ ಮಾಡಿದರೂ ನೂರಕ್ಕೆ ಐದು ಮಂದಿಗಾದರೂ ಅದು ಸರಿ ಬರುವುದಿಲ್ಲ ಎಂಬ ಲೆಕ್ಕ ಇದೆ. ನೂರಕ್ಕೆ ಐದು ಅಂದರೆ ಇಪ್ಪತ್ತಕ್ಕೆ ಒಬ್ಬರು. ನಮ್ಮ ಮನೆಯಲ್ಲಿ ಅಷ್ಟು ಜನ ಇಲ್ಲ, ಆದರೂ ಆ ಒಬ್ಬರು ಇದ್ದೇ ಇರುತ್ತಾರೆ, ಮತ್ತು ದಿನಾ ಬದಲಾಗುತ್ತಾರೆ. ಹಿರಿಯರನ್ನು ಮಾತ್ರ ಈ ಲೆಕ್ಕದಲ್ಲಿ ಸೇರಿಸಬಾರದು. ವಯಸ್ಸಾದವರ ಮೈ ಕಾವು ಹುಟ್ಟಿಸುವುದೂ ಕಡಿಮೆ, ಹಿಡಿದಿಡುವುದೂ ಕಡಿಮೆ. ಕೆಲವೊಮ್ಮೆ ಥಂಡಿ ಆಗಿದೆ ಎಂಬುದೇ ಅವರ ಅರಿವಿಗೆ ಬರುವುದಿಲ್ಲ. ಚಳಿ ನಾಡಿನ ಮನೆಗಳಿಗೆ ವಿಶ್ವ ಆರೋಗ್ಯ ಸಂಸ್ಥೆ 2018ರಲ್ಲಿ ಹೇಳಿದ ಕನಿಷ್ಠ ಮಟ್ಟ 18 ಡಿಗ್ರಿ. ನಮ್ಮ ಸ್ಲ್ಯಾಬಿನ ಕೋಣೆ ನಸುಕಿನಲ್ಲಿ ಅದಕ್ಕಿಂತ ಕೆಳಗೆ ಇಳಿಯುವುದು ದೂರದ ಮಾತಲ್ಲ. ಅತ್ತೆ "ನನಗೇನ ಆಗೂದಿಲ್ಲ" ಎಂದಾಗ ಅವರ ಮಾತು ಕೇಳುವುದನ್ನು ಬಿಟ್ಟು ಅವರ ಕೈ ಹಿಡಿದು ನೋಡುತ್ತೇನೆ.

ಈ ವರ್ಷ ಸ್ಲ್ಯಾಬಿನ ಮೇಲೆ ಇನ್ನೊಂದು ಕೋಣೆ ಎಬ್ಬಿಸಬೇಕೆಂಬ ಮಾತು ನಡೆದಿದೆ. ಚಳಿಗಾಲದ ಗಾಳಿ ಮೂಡಣದ್ದು, ಆ ಕಡೆ ದೊಡ್ಡ ಕಿಡಕಿ ಬೇಡ ಎನ್ನುವುದು ಅತ್ತೆಯ ಮಾತು. ವಾಸ್ತು ಪ್ರಕಾರ ಆ ಕಡೆಯೇ ಬೇಕು ಎನ್ನುವುದು ನಮ್ಮನೆಯವರದು. ಮಗ ಫೋನಿನಲ್ಲಿ ಟೊಳ್ಳು ಇಟ್ಟಿಗೆ ಹಾಕಿಸಿರಿ, ಬೇಸಿಗೆಗೂ ತಂಪು ಎನ್ನುತ್ತಾನೆ. ಮೇಸ್ತ್ರಿ ಮೂವರ ಮಾತಿಗೂ ತಲೆಯಾಡಿಸಿ ಮೂರು ಬೇರೆ ರೇಟು ಹೇಳಿ ಹೋಗಿದ್ದಾನೆ. ಅತ್ತೆ ಬಾಗಿಲ ತನಕ ಅವನ ಹಿಂದೆ ಹೋಗಿ, ಸ್ಲ್ಯಾಬಿನ ಮೇಲೆ ಒಂದು ಮೊಳ ಮಣ್ಣು ಹಾಕಿದರೆ ಎಷ್ಟಾಗುತ್ತದೆ ಅಂತ ಕೇಳಿ ಬಂದರು.