ಲಾರಿ ಎಂಜಿನ್ ಅತಿಯಾಗಿ ಬಿಸಿಯಾಗುವುದೇಕೆ?

ಮಂಗಳೂರು ಬಂದರಿನಿಂದ ಬೆಂಗಳೂರಿನತ್ತ ಸಾಗುವ ಲಾರಿಗಳು ಶಿರಾಡಿ ಘಾಟಿಯ ಏರಿನಲ್ಲಿ ಆವಿಯುಗುಳುತ್ತ ನಿಲ್ಲುವುದು ಅಪರೂಪವೇನಲ್ಲ. ಏರಿನಲ್ಲಿ ಎಂಜಿನ್ ಪೂರ್ಣ ಶಕ್ತಿಯಿಂದ ದುಡಿಯುತ್ತದೆ. ಆದರೆ ವೇಗ ಕಡಿಮೆಯಾದ್ದರಿಂದ ರೇಡಿಯೇಟರಿಗೆ ಎದುರುಗಾಳಿ ದೊರೆಯದು. ಸಮತಟ್ಟಾದ ರಸ್ತೆಯಲ್ಲಿ ಮರೆಯಾಗಿದ್ದ ದೋಷ ಇಲ್ಲಿ ಬಯಲಾಗುತ್ತದೆ. ನಿಗದಿಗಿಂತ ಹೆಚ್ಚು ಭಾರ ಹೇರಿದ್ದರೆ ಸಮಸ್ಯೆ ಇಮ್ಮಡಿಸುತ್ತದೆ.

ಪ್ರಮುಖ ಕಾರಣಗಳು ಹೀಗಿವೆ:

1. ಕೂಲೆಂಟ್ ಕೊರತೆ: ಹೋಸ್ ಪೈಪ್, ಕ್ಲಿಪ್ ಅಥವಾ ವಾಟರ್ ಪಂಪಿನ ಸೀಲ್ ಮೂಲಕ ಸೋರಿಕೆ.

2. ಗಡಸು ನೀರು: ಕೂಲೆಂಟ್ ಬದಲು ಕೊಳವೆಬಾವಿಯ ನೀರು ತುಂಬಿದರೆ ಒಳಗೆ ಸುಣ್ಣದ ಪದರ ಕಟ್ಟಿ, ಶಾಖ ಹೊರಹೋಗುವುದಕ್ಕೆ ತಡೆಯಾಗುತ್ತದೆ.

3. ರೇಡಿಯೇಟರ್ ಮುಚ್ಚಳ: ಇದು ಒತ್ತಡವನ್ನು ಹಿಡಿದಿಟ್ಟು ಕೂಲೆಂಟಿನ ಕುದಿಬಿಂದುವನ್ನು 100 ಡಿಗ್ರಿ ಸೆಲ್ಸಿಯಸ್‌ಗಿಂತ ಸಾಕಷ್ಟು ಮೇಲಕ್ಕೇರಿಸುತ್ತದೆ. ಮುಚ್ಚಳದ ವಾಷರ್ ಸವೆದರೆ ಕೂಲೆಂಟ್ ಬೇಗ ಕುದಿಯುತ್ತದೆ.

4. ಗಾಳಿಯ ಅಡಚಣೆ: ರೇಡಿಯೇಟರಿನ ಜಾಲರಿಯಲ್ಲಿ ಧೂಳು, ಹುಲ್ಲು, ಕೀಟಗಳು ಸಿಲುಕಿರುವುದು, ಫ್ಯಾನ್ ಬೆಲ್ಟ್ ಸಡಿಲವಾಗಿರುವುದು.

5. ಥರ್ಮೋಸ್ಟಾಟ್ ತೆರೆಯದಿರುವುದು: ಇದನ್ನು ಕಿತ್ತೆಸೆದು ಲಾರಿ ಓಡಿಸುವ ರೂಢಿ ಸರಿಯಲ್ಲ. ಎಂಜಿನ್ ತಕ್ಕ ಉಷ್ಣತೆಗೆ ಬಾರದೆ ಡೀಸೆಲ್ ವ್ಯಯವೂ ಸವೆತವೂ ಹೆಚ್ಚುತ್ತವೆ.

6. ಹೆಡ್ ಗ್ಯಾಸ್ಕೆಟ್ ದೋಷ: ರೇಡಿಯೇಟರಿನಲ್ಲಿ ಸತತವಾಗಿ ಗುಳ್ಳೆಗಳೇಳುವುದು ಇದರ ಸೂಚನೆ.

ಉಷ್ಣತೆಯ ಮುಳ್ಳು ಕೆಂಪು ಗೆರೆ ಮುಟ್ಟಿದೊಡನೆ ಚಾಲಕನು ಸುರಕ್ಷಿತ ಸ್ಥಳದಲ್ಲಿ ಲಾರಿ ನಿಲ್ಲಿಸಬೇಕು. ಕೂಲೆಂಟ್ ಸೋರಿಹೋಗಿದ್ದರೆ ಎಂಜಿನ್ ಕೂಡಲೇ ಆರಿಸತಕ್ಕದ್ದು. ಬಿಸಿಯಿರುವಾಗ ಮುಚ್ಚಳ ತೆರೆದರೆ ಕುದಿನೀರು ಚಿಮ್ಮಿ ಮೈ ಸುಡುತ್ತದೆ. ತಣ್ಣೀರು ಸುರಿದರೆ ಸಿಲಿಂಡರ್ ಹೆಡ್ ಸೀಳಬಹುದು.

ಮಾಲೀಕರು ಗಮನಿಸಬೇಕಾದ ಇನ್ನೊಂದು ಸಂಗತಿಯಿದೆ. ಸಾಮಾನ್ಯ ಮೋಟಾರು ವಿಮಾ ಪಾಲಿಸಿಯು ಸವೆತವನ್ನಾಗಲಿ ಯಾಂತ್ರಿಕ ವೈಫಲ್ಯವನ್ನಾಗಲಿ ಭರಿಸುವುದಿಲ್ಲ. ಆದ್ದರಿಂದ ಬಾಗಿದ ಸಿಲಿಂಡರ್ ಹೆಡ್ಡಿನ ದುರಸ್ತಿ ವೆಚ್ಚವು ನೇರವಾಗಿ ಮಾಲೀಕರ ಕೈಯಿಂದಲೇ ಹೋಗುತ್ತದೆ. ಲಾರಿ ಗ್ಯಾರೇಜಿನಲ್ಲಿ ನಿಂತ ದಿನಗಳಲ್ಲಿ ಬಾಡಿಗೆ ಬಾರದು. ಸಾಲದ ಕಂತು ಮಾತ್ರ ನಿಲ್ಲದು. ಸಮಯಕ್ಕೆ ಸರಿಯಾಗಿ ಬದಲಿಸಿದ ಬೆಲ್ಟ್, ಹೋಸ್, ಕೂಲೆಂಟುಗಳ ಬೆಲೆ ಇದರ ಮುಂದೆ ಅತ್ಯಲ್ಪ.

ಪ್ರತಿ ಲಾರಿಗೂ ಪ್ರತ್ಯೇಕ ನಿರ್ವಹಣಾ ಪುಸ್ತಕವಿಟ್ಟು, ಕೂಲೆಂಟ್ ತುಂಬಿದ ದಿನಾಂಕ, ಪ್ರಮಾಣ ಮತ್ತು ಓಡಿದ ಕಿಲೋಮೀಟರ್ ದಾಖಲಿಸುವುದು ಲೇಸು. ಒಂದೇ ಲಾರಿಗೆ ಪದೇ ಪದೇ ಕೂಲೆಂಟ್ ತುಂಬಿರುವುದು ಪುಸ್ತಕದಲ್ಲಿ ಕಂಡರೆ, ಎಲ್ಲಿಯೋ ಸೋರಿಕೆಯಿದೆ ಎಂದರ್ಥ. ಅದನ್ನು ಘಾಟಿ ಏರುವ ಮೊದಲೇ ಸರಿಪಡಿಸುವುದು ಜಾಣತನ.