ಗರ್ಭದಲ್ಲಿ ದುಗ್ಧರಸ ನಾಳಗಳ ಉಗಮ

ರಕ್ತನಾಳಗಳ ವಿಷಯವನ್ನು ಸದ್ಭಕ್ತರೆಲ್ಲರೂ ಬಲ್ಲರು. ಅವುಗಳ ಜೊತೆಯಲ್ಲಿಯೇ ಹರಡಿರುವ ದುಗ್ಧರಸ ನಾಳಗಳ ಪರಿಚಯ ಮಾತ್ರ ವಿರಳ. ರಕ್ತದಿಂದ ಅಂಗಾಂಶಗಳಿಗೆ ಒಸರಿದ ನೀರಿನಂಶವನ್ನು ಹೀರಿ, ಗ್ರಂಥಿಗಳಲ್ಲಿ ಸೋಸಿ, ಕತ್ತಿನ ಬುಡದ ಸಿರೆಗಳಿಗೆ ಮರಳಿಸುವುದು ಇವುಗಳ ಕೆಲಸ. ಕರುಳಿನಿಂದ ಆಹಾರದ ಜಿಡ್ಡನ್ನು ಹೊರುವವೂ ಇವೇ. ಆಯುರ್ವೇದದ ರಸಧಾತುವೇ ಈ ದುಗ್ಧರಸವೆಂದು ಕೆಲವರು ಹೇಳುವುದುಂಟು; ನನ್ನ ದೃಷ್ಟಿಯಲ್ಲಿ ಅದು ಅವಸರದ ತೀರ್ಮಾನ, ರಸಧಾತುವಿನ ಅರ್ಥವ್ಯಾಪ್ತಿ ಬಹಳ ದೊಡ್ಡದು.

ಈ ನಾಳಗಳು ಹುಟ್ಟುವುದು ಹೇಗೆ? 1902ರಲ್ಲಿ ಅಮೆರಿಕದ ಫ್ಲಾರೆನ್ಸ್ ಸೇಬಿನ್ ಎಂಬ ವಿದುಷಿ ಹಂದಿಯ ಭ್ರೂಣಗಳಿಗೆ ಶಾಯಿ ಚುಚ್ಚಿ ಪರೀಕ್ಷಿಸಿ, ಅವು ಸಿರೆಗಳಿಂದ ಚಿಗುರೊಡೆದು ಅಂಗಗಳತ್ತ ಹಬ್ಬುತ್ತವೆಂದು ಸಾರಿದರು. 1910ರಲ್ಲಿ ಹಂಟಿಂಗ್‌ಟನ್ ಮತ್ತು ಮೆಕ್ಲೂರ್ ಬೆಕ್ಕಿನ ಭ್ರೂಣಗಳನ್ನು ನೋಡಿ, ಅವು ಸಿರೆಗಳ ಹೊರಗೆ ಸ್ವತಂತ್ರವಾಗಿ ಹುಟ್ಟಿ ಬಳಿಕ ಸಿರೆಗಳನ್ನು ಸೇರುತ್ತವೆಂದು ವಾದಿಸಿದರು. 1999ರಲ್ಲಿ ಇಲಿಗಳಲ್ಲಿ ನಡೆದ ಸಂಶೋಧನೆಯು ಸೇಬಿನ್ ಅವರ ಪಕ್ಷವನ್ನು ಎತ್ತಿಹಿಡಿಯಿತು. ಸಿರೆಯ ಗೋಡೆಯ ಕೆಲವು ಜೀವಕೋಶಗಳಲ್ಲಿ ಪ್ರಾಕ್ಸ್-1 ಎಂಬ ಜೀನ್ ಎಚ್ಚರಗೊಂಡರೆ ಅವು ಸಿರೆಯನ್ನು ತೊರೆದು ದುಗ್ಧರಸ ನಾಳಗಳಾಗುತ್ತವೆ. ಆ ಜೀನ್ ಇಲ್ಲದ ಭ್ರೂಣದಲ್ಲಿ ಈ ನಾಳಗಳೇ ರೂಪುಗೊಳ್ಳುವುದಿಲ್ಲ. ಆದರೆ 2015ರಲ್ಲಿ ಪ್ರಕಟವಾದ ಅಧ್ಯಯನಗಳು ಇನ್ನೊಂದು ಸಂಗತಿಯನ್ನು ತೋರಿದವು: ಇಲಿಯ ಹೃದಯ, ಕರುಳನ್ನು ಹಿಡಿದಿರುವ ಪೊರೆ, ಚರ್ಮ ಇವುಗಳಲ್ಲಿ ಸಿರೆಯಿಂದ ಬಂದ ಕೋಶಗಳೊಂದಿಗೆ ಬೇರೆ ಮೂಲದ ಕೋಶಗಳೂ ಕೂಡಿ ನಾಳಗಳಾಗುತ್ತವೆ. ಹೀಗೆ ಎರಡನೆಯ ಪಕ್ಷವೂ ಪೂರ್ಣವಾಗಿ ಸೋಲಲಿಲ್ಲ.

ಮಾನವ ಭ್ರೂಣದಲ್ಲಿ ಐದಾರು ವಾರಗಳ ಹೊತ್ತಿಗೆ ಕತ್ತಿನ ಬಳಿ ಮೊದಲ ದುಗ್ಧರಸ ಚೀಲಗಳು ಕಾಣಿಸಿಕೊಳ್ಳುತ್ತವೆ. ಸುತ್ತಲಿನ ಅಂಗಾಂಶವು ಸ್ರವಿಸುವ ಒಂದು ಪ್ರೋಟೀನು ಈ ಕೋಶಗಳನ್ನು ತನ್ನತ್ತ ಸೆಳೆಯುತ್ತದೆ. ಆ ಕರೆಯನ್ನು ಗ್ರಹಿಸಲು ಕೋಶಗಳ ಮೇಲೆ ಗ್ರಾಹಕವೊಂದಿದೆ. ಆ ಗ್ರಾಹಕದ ಜೀನಿನಲ್ಲಿ ದೋಷವಿದ್ದರೆ ಕಾಲಿನ ನಾಳಗಳು ಸರಿಯಾಗಿ ಕೆಲಸ ಮಾಡದೆ, ಶಿಶುವು ಊದಿದ ಪಾದಗಳೊಂದಿಗೆ ಹುಟ್ಟಬಹುದು. 1892ರಲ್ಲಿ ಇಂತಹ ಒಂದು ಕುಟುಂಬವನ್ನು ವರ್ಣಿಸಿದ ವೈದ್ಯರ ಹೆಸರಿನಿಂದ ಇದನ್ನು ಮಿಲ್ರಾಯ್ ರೋಗವೆನ್ನುತ್ತಾರೆ. ತಂದೆ ಅಥವಾ ತಾಯಿಯಲ್ಲಿ ದೋಷವಿದ್ದರೆ ಪ್ರತಿ ಮಗುವಿಗೂ ಅದು ಬರುವ ಸಂಭವ ಅರ್ಧದಷ್ಟು.

ಇದು ಸೊಳ್ಳೆಯಿಂದ ಬರುವ ಆನೆಕಾಲು ರೋಗವಲ್ಲ. ಗ್ರಹಣದ ಫಲವೂ ಅಲ್ಲ, ಬಸುರಿಯ ಊಟೋಪಚಾರದ ತಪ್ಪೂ ಅಲ್ಲ. ಸೊಸೆಯನ್ನು ದೂರುವುದು ಅನ್ಯಾಯ. ಊದಿದ ಪಾದಕ್ಕೆ ಬರೆ ಹಾಕುವುದು, ಬಿಸಿ ಶಾಖ ಕೊಡುವುದು, ತೀಕ್ಷ್ಣ ಲೇಪ ಹಚ್ಚುವುದು ಕೂಡದು; ಅಲ್ಲಿನ ಚರ್ಮಕ್ಕೆ ಸೋಂಕು ಬೇಗ ತಗಲುತ್ತದೆ. ಮಕ್ಕಳ ತಜ್ಞರಿಗೆ ತೋರಿಸಿ, ಚರ್ಮವನ್ನು ಶುಚಿಯಾಗಿಡಿರಿ. ಕಾಲು ಕೆಂಪಾಗಿ ಜ್ವರ ಬಂದರೆ ಅಂದೇ ಆಸ್ಪತ್ರೆಗೆ ಕರೆದೊಯ್ಯಿರಿ.